ಚಕ್ಕುಬಂದಿಯಲ್ಲಿಲ್ಲದ ಆಕಾಶ

ದೀಪಾವಳಿಯ ಹೊಗೆಯೆಲ್ಲ ಇಳಿದ ಮೇಲಿನ ಒಂದು ಸಂಜೆ. ಶಿಕಾರಿಪುರದ ನಮ್ಮ ತಾರಸಿಯ ಮೇಲೆ ಕುರ್ಚಿಯಲ್ಲಿ ಸೊರಬದ ಚಿಕ್ಕಮ್ಮ, ಅವಳ ಹಿಂದೆ ದುರ್ಬೀನು ಹಿಡಿದ ನಾನು, ಗೋಡೆಯಾಚೆ ತಮ್ಮ ತಾರಸಿಯಲ್ಲಿ ಪಕ್ಕದ ಮನೆಯ ಯಜಮಾನರು.

ಚಿಕ್ಕಮ್ಮ ವರ್ಷವೂ ಈ ದಿನಗಳಲ್ಲಿ ದಕ್ಷಿಣದ ಆಕಾಶದಲ್ಲಿ ಒಂದು ಸುರುಳಿ ಗ್ಯಾಲಕ್ಸಿ ನೋಡಲು ಬರುತ್ತಿದ್ದಳು. ಫೋಟೋದಲ್ಲಿ ಅದು ಚಕ್ಕುಲಿ. ನಮ್ಮ ದುರ್ಬೀನಿನಲ್ಲಿ ಬೆರಳಲ್ಲಿ ಒರೆಸಿದ ವಿಭೂತಿ. ನೇರ ದಿಟ್ಟಿಸಿದರೆ ಮಾಯ. ಸ್ವಲ್ಪ ಪಕ್ಕಕ್ಕೆ ನೋಡುತ್ತ ಓರೆಗಣ್ಣಿಗೆ ಸಿಕ್ಕಿಸಿಕೊಳ್ಳಬೇಕು. ಚಿಕ್ಕಮ್ಮನಿಗೆ ಹೋಗುತ್ತಿದ್ದುದು ಆ ಓರೆನೋಟವೇ. ಕಣ್ಣಿನ ಒತ್ತಡದ ಕಾಯಿಲೆ, ಅಂಚಿನಿಂದ ತಿನ್ನುತ್ತ ಬರುತ್ತದೆ ಎಂದಿದ್ದರು ಡಾಕ್ಟರು. ಈ ಸಲ ತಪ್ಪಿದರೆ ಮತ್ತೆ ಇಲ್ಲ.

ಅಂಥ ಹೊತ್ತಿಗೆ ಎದುರಿಗೆ, ಪಕ್ಕದ ಮನೆಯ ತಾರಸಿಯಲ್ಲಿ, ಎತ್ತರದ ಕಬ್ಬಿಣದ ಕಾಲಿನ ಮೇಲೆ ಎರಡು ಕಪ್ಪು ನೀರಿನ ಟ್ಯಾಂಕು! ನಮ್ಮದೋ ಮಂಚದಗಲದ ತಾರಸಿ, ಕುರ್ಚಿ ಸರಿಸಲೂ ಜಾಗವಿಲ್ಲ.

"ಇದೇನ್ರೀ, ಮೊನ್ನೆ ಇರ್ಲಿಲ್ಲ?" ಎಂದೆ.

"ವಾಸ್ತುದವ್ರು ಹೇಳ್ಯಾರ್ರೀ. ನೈಋತ್ಯ ಎತ್ತರ ಇರ್ಬೇಕಂತ."

"ಒಂಚೂರು ಆಚೆ ಸರಿಸ್ರೀ. ಚಿಕ್ಕಮ್ಮನ ಕಣ್ಣು ಹೋಗ್ತಾ ಐತಿ. ಇದೊಂದು ಸಲ ನೋಡ್ಲಿ."

ಅವರು ನಕ್ಕರು. "ನಿಮ್ಮ ಮನಿ ಪತ್ರ ತೆಗೆದು ಚಕ್ಕುಬಂದಿ ನೋಡ್ರೀ. ದಕ್ಷಿಣದ ಗಡಿಗೆ ಏನೈತಿ? ನಮ್ಮ ಮನಿ ಐತಿ. ಆಕಾಶ ಅಂತ ಬರ್ದಾರೇನು?"

ನನ್ನ ಮೈ ಉರಿದುಹೋಯಿತು. ಬಾಯಿಗೆ ಬಂದದ್ದು ಅನ್ನುವಷ್ಟರಲ್ಲಿ ಚಿಕ್ಕಮ್ಮ ಕೈ ಹಿಡಿದಳು.

"ಅದಿರ್ಲಿ ಮಾರಾಯ್ರೆ, ನಿಮ್ಮ ವಾಸ್ತುವಲ್ಲಿ ಕಣ್ಣಿಗೆ ಯಾವ ಮೂಲೆ?"

"ಟಿವಿಯೊಳಗ ಇದಕ್ಕಿಂತ ದೊಡ್ಡದಾಗಿ ತೋರಿಸ್ತಾರಲ್ರೀ ಅಮ್ಮಾ," ಎಂದು ಅವರು ಕೆಳಗಿಳಿದರು. ತಾರಸಿಯ ದೀಪವನ್ನೂ ಆರಿಸಲಿಲ್ಲ.

ಟ್ಯಾಂಕು ಬೇಕು, ನೀರು ಯಾರಿಗೆ ಬೇಡ? ಆದರೆ ಆ ನಗು! ಕಣ್ಣು ಕಳೆದುಕೊಳ್ಳುತ್ತಿರುವ ಹೆಂಗಸು ಕೇಳಿದ್ದು ಅವರ ಜಾಗದಲ್ಲಿ ಒಂದು ಗೇಣೂ ಅಲ್ಲ, ಗೋಡೆಯ ಮೇಲಿಂದ ಹಾದು ಬರುವ ಬೆಳಕು. ಭೂಮಿಯ ಮೇಲೆ ಮನುಷ್ಯರೇ ಇಲ್ಲದಾಗ ಹೊರಟ ಬೆಳಕು ಅದು. ಅಷ್ಟು ದೂರ ಯಾರೂ ತಡೆಯದ್ದನ್ನು ನಮ್ಮ ಓಣಿಯಲ್ಲಿ ತಡೆದರಲ್ಲ! ಇವತ್ತಿಗೂ ಅವರು ಎದುರಾದರೆ ನಾನು ಮಾತಾಡಿಸುವುದಿಲ್ಲ. ಯಾರಾದರೂ ರಾಜಿಗೆ ಬಂದರೆ ಅವರಿಗೂ ಬೈಸಿಕೊಳ್ಳುವ ಯೋಗ.

ಮರುದಿನದಿಂದ ಮೋಡ ಮುಚ್ಚಿತು. ಮೋಡ ಸರಿಯುವಷ್ಟರಲ್ಲಿ ಬೆಳದಿಂಗಳು. ಮುಂದಿನ ಅಮಾವಾಸ್ಯೆಯ ಸಂಜೆ ಆಟೋ ಮಾಡಿಕೊಂಡು ಅಂಜನಾಪುರದ ಜಲಾಶಯದ ಏರಿಗೆ ಹೋದೆವು. ಚಿಕ್ಕಮ್ಮ ಬಹಳ ಹೊತ್ತು ಹುಡುಕಿದಳು. ಬಲಗಣ್ಣಿಗೆ ಸಿಕ್ಕಿತು. ಎಡಗಣ್ಣಿಗೆ ಸಿಗಲಿಲ್ಲ.