ಎಡಹುರಿ ನಟ್ಟು

ತಿಪಟೂರಿನಲ್ಲಿ ಕಾಯಿ ಸುಲಿಯುವ ಯಂತ್ರದ ಶಾಫ್ಟು ಮುರಿದವರು, ಬೋರಿನ ಮೋಟಾರು ಕೆಟ್ಟವರು, ಟಿಲ್ಲರಿನ ಗಾಲಿ ಅಲುಗಾಡುವವರು, ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಹನುಮಕ್ಕನ ಕಬ್ಬಿಣ ಕಡೆಯುವ ಲೇತಿನ ಮುಂದೆ. ಮೊದಲೇ ಬರುವವರು ಕಡಿಮೆ. ಗಂಡಸರ ನಾಲ್ಕು ವರ್ಕ್‌ಶಾಪು ಸುತ್ತಿ, ಕೆಟ್ಟದ್ದನ್ನು ಪೂರ್ತಿ ಕೆಡಿಸಿಕೊಂಡು, ಆಮೇಲೆ ಇಲ್ಲಿಗೆ. ಇದು ಊರಿನ ರೂಢಿ. ಅದಕ್ಕೆ ಹನುಮಕ್ಕ ಕೋಪಿಸಿಕೊಳ್ಳುವುದಿಲ್ಲ. ಬಂದವರಿಗೆ ಕೂರಲು ಸ್ಟೂಲು ತೋರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಏರಿಸುತ್ತಾಳೆ, ಅಷ್ಟೇ.

ಲೇತು ಅವಳ ಗಂಡ ರೇವಣ್ಣನದು. ಸಕ್ಕರೆ ಕಾಯಿಲೆಯಿಂದ ಅವನ ಕಣ್ಣು ಮಂಜಾದಾಗ ಅಳತೆ ಓದಿ ಹೇಳಲು ಇವಳು ಪಕ್ಕದಲ್ಲಿ ನಿಂತಳು. ಒಂದು ಕೂದಲೆಳೆ ಹೆಚ್ಚು, ಒಂದು ಕೂದಲೆಳೆ ಕಮ್ಮಿ ಎಂದು ಹೇಳುತ್ತ ಹೇಳುತ್ತ ವರ್ಷ ಕಳೆಯುವುದರೊಳಗೆ ಹಿಡಿಕೆಯೇ ಕೈಗೆ ಬಂತು. ಏಳನೇ ತರಗತಿ ಓದಿದವಳು. ಆದರೆ ಕಬ್ಬಿಣದ ಎದುರು ಅವಳು ಸುಳ್ಳು ಹೇಳಿದ್ದನ್ನು ನೋಡಿದವರಿಲ್ಲ. ಆಗುವುದಿಲ್ಲ ಎನ್ನುವುದನ್ನು ಆಗುವುದಿಲ್ಲ ಎಂದೇ ಹೇಳುತ್ತಾಳೆ. ಆಗುತ್ತದೆ ಎಂದರೆ ಅದು ಆಯಿತೆಂದೇ ಲೆಕ್ಕ.

ಕೊಬ್ಬರಿ ಮಂಡಿಯ ಬಸವರಾಜಪ್ಪ ಬಂದದ್ದೂ ಹೀಗೇ, ಕೊನೆಗೆ. ಅವರಪ್ಪ ಕೊಂಡಿದ್ದ ಸ್ಟುಡೆಬೇಕರ್ ಕಾರು ಎಪ್ಪತ್ತು ವರ್ಷದ್ದು. ತಗಡಿನ ಷೆಡ್ಡಿನಲ್ಲಿ ಕೋಳಿಗಳಿಗೆ ಆಸರೆಯಾಗಿದ್ದ ಅದನ್ನು ಅವರು ಎರಡು ವರ್ಷ ಹಟ ಹಿಡಿದು ರಿಪೇರಿ ಮಾಡಿಸಿದ್ದರು. ಟೈರು ಬದಲಾಯಿಸಲು ಹೋದಾಗ ಬಲಗಡೆಯ ಚಕ್ರಗಳು ಸಲೀಸಾಗಿ ಬಿಚ್ಚಿದವು. ಎಡಗಡೆಯವು ಜಪ್ಪಯ್ಯ ಎಂದರೂ ಬಿಚ್ಚಲಿಲ್ಲ. ಪಂಕ್ಚರ್ ಅಂಗಡಿಯವರು ನಟ್ಟು ಬಿಚ್ಚುವ ಪಾನಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಇಬ್ಬರು ಅದರ ಮೇಲೆ ಹತ್ತಿ ಕುಣಿದರು. ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾದವು. ಕೊನೆಗೆ ಉಳಿ ಸುತ್ತಿಗೆ ಹಿಡಿದು ಹತ್ತಕ್ಕೆ ಹತ್ತನ್ನೂ ಸೀಳಿ ತೆಗೆದರು. ಹೊಸದಕ್ಕೆ ಬೆಂಗಳೂರು, ಮುಂಬಯಿ ಎಲ್ಲ ವಿಚಾರಿಸಿದ್ದಾಯಿತು. ತಂದ ನಟ್ಟು ಒಂದೂ ಹತ್ತಲಿಲ್ಲ.

ಹನುಮಕ್ಕ ಚಕ್ರದ ಬೋಲ್ಟಿನ ಮೇಲೆ ಉಗುರು ಆಡಿಸಿ ನೋಡಿದಳು. ನಕ್ಕಳು.

"ಇದು ಎಡಹುರಿ ಕಣ್ರೀ ಯಜಮಾನ್ರೇ. ನೀವು ಬಿಚ್ತೀವಿ ಅಂದ್ಕಂಡು ಬಿಗಿ ಮಾಡ್ಸಿದೀರಿ."

ಎಡಹುರಿ ಎಂಬುದು ಅವಳ ತಾಯಿಯ ಮಾತು, ಎಡಕ್ಕೆ ತಿರುಚಿದರೆ ಬಿಗಿಯಾಗುವುದು ಎಂದರ್ಥ. ದಬ್ಬೇಘಟ್ಟದಲ್ಲಿ ತಾಯಿ ತೆಂಗಿನ ನಾರಿನಿಂದ ಹಗ್ಗ ಹೊಸೆಯುತ್ತಿದ್ದಳು. ಎಳೆಯನ್ನು ಒಂದು ಕಡೆಗೆ ಹುರಿ ಮಾಡಿ, ಎಳೆಗಳನ್ನು ಕೂಡಿಸುವಾಗ ಇನ್ನೊಂದು ಕಡೆಗೆ ತಿರುಚಬೇಕು. ಒಂದರ ಬಿಗಿ ಇನ್ನೊಂದನ್ನು ಬಿಚ್ಚಗೊಡುವುದಿಲ್ಲ. ಕಾರಿನ ಎಡಚಕ್ರ ಓಡುತ್ತ ಓಡುತ್ತ ನಟ್ಟು ಸಡಿಲಿಸಿಕೊಳ್ಳದಿರಲಿ ಎಂದು ಯಾವನೋ ದೊರೆ ದೂರದ ದೇಶದಲ್ಲಿ ಮಾಡಿದ್ದ ಉಪಾಯ ದಬ್ಬೇಘಟ್ಟದ ಹಗ್ಗದಲ್ಲಿ ಯಾವತ್ತಿನಿಂದಲೋ ಇತ್ತು.

ಹತ್ತು ನಟ್ಟಿಗೆ ಹನ್ನೆರಡು ದಿನ ಹಿಡಿಯಿತು. ಮೆತ್ತಗಿನ ಕಬ್ಬಿಣ ಬೇಡವೆಂದು ಹಳೇ ಟ್ರ್ಯಾಕ್ಟರಿನ ಆಕ್ಸಲ್ ತರಿಸಿದಳು. ಲೇತಿನ ಉಳಿ ಎಂದಿನಂತೆ ಬಲದಿಂದ ಎಡಕ್ಕೆ ಹೋಗದೆ ಎಡದಿಂದ ಬಲಕ್ಕೆ ಬರುವಂತೆ ಗೇರು ಬದಲಿಸಿ ಥ್ರೆಡ್ ಕೊರೆದಳು. ನಟ್ಟಿನ ಮೂತಿ ಚಕ್ರದ ಕುಳಿಯಲ್ಲಿ ಸರಿಯಾಗಿ ಕೂರುತ್ತದೆಯೇ ಎಂದು ತಿಳಿಯಲು ಅದಕ್ಕೆ ಕಾಡಿಗೆ ಸವರಿ ತಿರುಗಿಸಿ ತೆಗೆಯುತ್ತಿದ್ದಳು. ಕಪ್ಪು ಸುತ್ತಲೂ ಒಂದೇ ಸಮ ಅಂಟಬೇಕು. ಒಂದು ಕಡೆ ಬಿಟ್ಟರೂ ಮತ್ತೆ ಲೇತಿಗೆ. ಮೂರು ನಟ್ಟನ್ನು ತಾನೇ ಗುಜರಿಗೆ ಎಸೆದಳು. ಅವು ಚೆನ್ನಾಗಿಯೇ ಇವೆಯಲ್ಲ ಎಂದ ಬಸವರಾಜಪ್ಪನವರಿಗೆ, "ನಿಮ್ ಕಣ್ಗೆ ಚೆನ್ನಾಗವೆ" ಎಂದಳು.

ನಟ್ಟುಗಳನ್ನು ಹನುಮಕ್ಕ ತಾನೇ ಬಿಗಿದು ಕಾರು ಕಳಿಸಿದ ಭಾನುವಾರ ಬಸವರಾಜಪ್ಪನವರು ಹೆಂಡತಿಯನ್ನೂ ಮೊಮ್ಮಗಳು ನಯನಳನ್ನೂ ಕೂರಿಸಿಕೊಂಡು ಹೆಂಡತಿಯ ತವರು ಕೆಂಕೆರೆಗೆ ಹೊರಟರು. ಹನುಮಕ್ಕ ಡ್ರೈವರ್ ತಿಮ್ಮೇಶನಿಗೆ ಹೇಳಿದಳು: "ಹೊಸಾ ನಟ್ಟು ಕಣಪ್ಪ, ಒಸಿ ಕೂತ್ಕತವೆ. ಶೆಟ್ಟಿಕೆರೆಲಿ ನಿಲ್ಸಿ ಎಲ್ಲಾನೂ ಇನ್ನೊಂದ್ಸಲ ಬಿಗಿ ಮಾಡು. ಎಡಗಡೇವು ಎಡಹುರಿ, ಗ್ಯಾಪಕ ಇರ್ಲಿ."

"ಆಯ್ತು ಕಣಕ್ಕ" ಎಂದು ತಿಮ್ಮೇಶ ಹೊರಟ.

ಅರ್ಧ ಗಂಟೆ ಕಳೆದಿರಬೇಕು. ಬಾಗಿಲಲ್ಲಿ ಕೂತಿದ್ದ ರೇವಣ್ಣ ಸುಮ್ಮನೆ ಕೇಳಿದ. "ಎಡಗಡೇವು ಎತ್ತ ಬಿಗೀಬೇಕು ಅಂತ ಹೇಳ್ದೇನೇ ಆ ಹುಡುಗಂಗೆ?"

"ಹೇಳ್ದೆ ಕಣ್ರೀ. ಎಡಹುರಿ ಅಂದೆ."

"ಅವ್ನೇನು ಹಗ್ಗ ಹೊಸೆಯೋರ ಮನೇಲ್ ಹುಟ್ಟವ್ನೇನೇ?"

ಆಗ ಹನುಮಕ್ಕನಿಗೆ ಹೊಳೆಯಿತು. ಎಲ್ಲರೂ ಬಿಗಿಯುವ ಹಾಗೆ ತಿಮ್ಮೇಶ ಬಲಕ್ಕೆ ತಿರುಗಿಸಿದರೆ ಬಿಗಿಯಾದ ನಟ್ಟು ಸಡಿಲವಾಗುತ್ತದೆ. ಚಕ್ರ ಕಳಚುತ್ತದೆ. ಒಳಗೆ ಮಗು ಕೂತಿದೆ. ಬಸವರಾಜಪ್ಪನವರಿಗೆ ಫೋನು ಹಚ್ಚಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಅದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಿತು. ಚಾಲೂ ಇದ್ದ ಲೇತನ್ನು ಅರ್ಧಕ್ಕೇ ನಿಲ್ಲಿಸಿ ಟಿವಿಎಸ್ ಹತ್ತಿದಳು. ಲೇತು ಕಂಡಂದಿನಿಂದ ಅವಳು ಕೆಲಸವನ್ನು ಅರ್ಧಕ್ಕೆ ಬಿಟ್ಟವಳಲ್ಲ.

ತೋಟಗಳ ನಡುವಿನ ರಸ್ತೆ. ಎದುರಿಗೆ ಬರುವ ಪ್ರತಿ ಗಾಡಿಯವರ ಮುಖ ನೋಡುತ್ತ ಹೋದಳು, ಏನಾದರೂ ಕಂಡು ಬಂದವರಂತಿದ್ದಾರೆಯೇ ಎಂದು. ದೇವರು ದೊಡ್ಡವನು. ಅವನಿಗಿಂತ ಬಸವರಾಜಪ್ಪನವರ ಜಂಭ ದೊಡ್ಡದು. ಪರಿಚಯದವರು ಕಂಡಲ್ಲೆಲ್ಲ ಕಾರು ನಿಲ್ಲಿಸಿ ತೋರಿಸುತ್ತ ಹೋಗಿದ್ದರಿಂದ ಅವರು ಶೆಟ್ಟಿಕೆರೆ ದಾಟಿರಲಿಲ್ಲ. ಹೋಟೆಲಿನ ಮುಂದೆ ಕಾರಿನ ಸುತ್ತ ಹತ್ತಾರು ಜನ. ಹೆಂಗಸು, ಮಗು ಆಗಲೇ ಹತ್ತಿ ಕೂತಿದ್ದರು. ತಿಮ್ಮೇಶ ಪಾನ ಡಿಕ್ಕಿಗೆ ಹಾಕುತ್ತಿದ್ದ.

"ಹೊರಡ್ಬೇಡಿ!" ಎಂದು ಕೂಗುತ್ತಲೇ ಇಳಿದ ಹನುಮಕ್ಕ ಎಡಗಡೆಯ ಮುಂದಿನ ಚಕ್ರದ ಬಳಿ ಕುಕ್ಕರಿಸಿದಳು. ನಟ್ಟು ಬೆರಳಲ್ಲೇ ತಿರುಗಿತು. ಎರಡನೆಯದೂ ತಿರುಗಿತು.

"ಒಂದೊಂದೂ ಒಂದೊಂದ್ ಸುತ್ತು ತಗಂತು ಕಣಕ್ಕ" ಎಂದ ತಿಮ್ಮೇಶ, ಹೆಮ್ಮೆಯಿಂದ. "ಎಡಗಡೆ ಹುರಿ ಅಂದ್ರಲ್ಲ, ಎಡಗಡೇವ್ನ ಒಸಿ ಜಾಸ್ತೀನೆ ಬಿಗಿ ಮಾಡಿವ್ನಿ."

ಬಸವರಾಜಪ್ಪನವರು ತಾವೂ ಬೆರಳಾಡಿಸಿ ನೋಡಿದರು. ಆಮೇಲೆ ಸಿಟ್ಟು ನೆತ್ತಿಗೇರಿತು. "ಲೇ ತಿಮ್ಮೇಶ, ನಮ್ಮನ್ನೆಲ್ಲ ಸಾಯಿಸ್ತಿದ್ದಲ್ಲೋ! ಅಷ್ಟು ಬಿಡಿಸಿ ಹೇಳವ್ಳೆ, ಕಿವಿ ಎಲ್ಲಿ ಇಟ್ಟಿದ್ದೆ?" ಸುತ್ತಲಿದ್ದವರೂ ಅವನನ್ನೇ ಬೈಯತೊಡಗಿದರು. ಇದೊಂದು ಸುದ್ದಿ ಊರಲ್ಲಿ ಹರಡಿದರೆ ಇನ್ನು ಯಾರೂ ಅವನ ಕೈಗೆ ಗಾಡಿ ಕೊಡುತ್ತಿರಲಿಲ್ಲ.

ಹನುಮಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವಳ ನಟ್ಟಿಗೂ ಹೆಸರಿಗೂ ಏನೂ ಆಗುತ್ತಿರಲಿಲ್ಲ. ಅವಳು ಎದ್ದು ನಿಂತಳು.

"ಅವ್ನ ಬೈಬೇಡಿ ಯಜಮಾನ್ರೇ. ಎತ್ತ ತಿರುಗಿಸ್ಬೇಕು ಅಂತ ನಾನು ಹೇಳ್ಲೇ ಇಲ್ಲ. ನಮ್ಮವ್ವನ ಮನೆ ಮಾತ್ನ ಲೋಕಕ್ಕೆಲ್ಲ ಗೊತ್ತು ಅಂದ್ಕಂಡೆ. ತಪ್ಪು ನಂದು."

ಲೇತಿನವರು ತಪ್ಪು ನನ್ನದು ಎಂದದ್ದನ್ನು ಶೆಟ್ಟಿಕೆರೆಯವರು ಹಿಂದೆ ಕೇಳಿರಲಾರರು.

ಅವಳು ಪಾನ ತೆಗೆದು ತಿಮ್ಮೇಶನ ಕೈಗೇ ಕೊಟ್ಟಳು. "ತಗೋ. ನೀನೇ ಬಿಗಿ. ಎಡಗೈ ಕಡೀಕೆ ತಿರುಗ್ಸು." ಅವನು ಒಂದೊಂದಾಗಿ ಹತ್ತನ್ನೂ ಬಿಗಿದ. ಅವಳು ಪಕ್ಕದಲ್ಲೇ ಕೂತು ನೋಡಿದಳು, ಕೈ ಹಾಕಲಿಲ್ಲ.

"ಇನ್ನು ನಂಬಿ ಹೋಗ್ಬೋದಾ ಹನುಮಕ್ಕ?" ಎಂದರು ಬಸವರಾಜಪ್ಪ, ದನಿ ತಗ್ಗಿಸಿ.

ಹನುಮಕ್ಕ ಟಿವಿಎಸ್ಸಿನ ಕೀಲಿಯನ್ನು ಹೋಟೆಲಿನವನ ಕೈಗಿತ್ತಳು. ಕಾರಿನ ಎಡಗಡೆಯ ಬಾಗಿಲು ತೆಗೆದು, "ಅತ್ಲಾಗೆ ಒಸಿ ಸರ್ಕಳವ್ವ" ಎಂದು ನಯನಳನ್ನು ಒಳಕ್ಕೆ ಸರಿಸಿ, ಆಗಷ್ಟೇ ಬಿಗಿದ ಹಿಂದಿನ ಚಕ್ರದ ಮೇಲೆಯೇ ಬರುವ ಜಾಗದಲ್ಲಿ ಕೂತಳು.

"ನಡಿಯಪ್ಪ ತಿಮ್ಮೇಶ, ಕೆಂಕೆರೆಗೆ" ಎಂದಳು.