ಒಂದು ತಾಸು ಬಿಟ್ಟು ಬಾ

ಮೊನ್ನೆ ಭಾನುವಾರ ಮಗಳ ಕೈಚೀಲದ ಬಾಯಿಂದ ಬಲೂನಿನ ಪಾಕೀಟೊಂದು ಇಣುಕುತ್ತಿತ್ತು. ನಾನು ನೋಡಿದೆ; ನೋಡಿದ್ದು ಅವಳಿಗೆ ತಿಳಿಯಲಿಲ್ಲ. "ಅಪ್ಪಾ, ಗುಡಿಗೆ ಹೋಗಿ ಬರ್ರಿ. ಲಗೂನ ಬರಬ್ಯಾಡ್ರಿ, ಒಂದ ತಾಸು ಬಿಟ್ಟು ಬರ್ರಿ," ಎಂದಳು. ಅಂದು ನನಗೆ ಅರವತ್ತು ತುಂಬುತ್ತಿತ್ತು. ಹೆಂಡತಿ ಸುಶೀಲಾ ತೀರಿಕೊಂಡು ವರ್ಷದ ಮೇಲೆ ಎರಡು ತಿಂಗಳು. ಆಕೆಯಿಲ್ಲದ ಮನೆಯಲ್ಲಿ ಜನ ಸೇರಿ ನನಗೆ ಚಪ್ಪಾಳೆ ತಟ್ಟುವುದು ಬೇಡವೆನಿಸಿತು. ಮೆಟ್ಟಿಲಿಳಿಯುತ್ತ ನಿಶ್ಚಯಿಸಿದೆ: ಮೆಟ್ರೊ ಹತ್ತಿ ಊರಿನ ಇನ್ನೊಂದು ತುದಿಗೆ, ದಿಲ್‌ಸುಖ್‌ನಗರದ ಕಡೆ ಹೋಗಿಬಿಡುವುದು, ಎಲ್ಲ ಮುಗಿದ ಮೇಲೆಯೇ ಮರಳುವುದು.

ಆದರೆ ಬೀದಿಯ ತಿರುವಿನಲ್ಲಿ ಟೇಲರ್ ಅಂಗಡಿಯ ಮುಂದಿನ ಕಲ್ಲುಬೆಂಚು ಕಂಡಿತು. ಕಾಲು ಮುಂದೆ ಹೋಗಲಿಲ್ಲ. ಕೂತೆ.

ಆ ಬೆಂಚಿನ ಕಥೆ ನಿಮಗೆ ಹೇಳಬೇಕು. ಅದಕ್ಕೆ ಮೊದಲು ನನ್ನ ಜಾಣತನದ ಕಥೆ.

ಹನ್ನೆರಡು ವರ್ಷಗಳ ಹಿಂದಿನ ಮಾತು. ಆಗ ನಾನು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದೆ. ನಿದ್ದೆಗಣ್ಣಿನಲ್ಲಿ ಬಸ್ಸು ಹತ್ತಿ, ನಿದ್ದೆಗಣ್ಣಿನಲ್ಲೇ ಇಳಿಯುತ್ತಿದ್ದ ಆ ವರ್ಷಗಳು ಈಗ ಬೇರೆ ಯಾರೋ ಕಂಡು ಹೇಳಿದ ಕನಸಿನಂತಿವೆ. ಕಲಬುರಗಿಯಿಂದ ಈ ತೆಲುಗು ಸೀಮೆಯ ಕೂಕಟ್‌ಪಲ್ಲಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಸುಶೀಲಾಳ ಹುಟ್ಟುಹಬ್ಬವನ್ನು ಒಮ್ಮೆಯೂ ಮಾಡಿರಲಿಲ್ಲ. ಎಲ್ಲರಿಗೂ ಬಡಿಸಿ, ಒಲೆಯ ಮುಂದೆ ನಿಂತೇ ಉಣ್ಣುವವಳು ಆಕೆ. ಒಂದು ಸಂಜೆಯಾದರೂ ಆಕೆಗೆ ತಿಳಿಯದ ಹಾಗೆ ಏನಾದರೂ ಮಾಡಿ, ಆಕೆಯನ್ನು ಕೂಡಿಸಿ, ಕೈಗೆ ತಾಟು ಕೊಡಬೇಕೆಂಬ ಆಸೆ. ತೊಂದರೆಯೆಂದರೆ, ಕಡಿಮೆ ಖರ್ಚಿನಲ್ಲಿ ಇಪ್ಪತ್ತು ಜನರನ್ನು ಸುಧಾರಿಸುವ ವಿದ್ಯೆ ನಮ್ಮ ಮನೆಯಲ್ಲಿ ಬಲ್ಲವಳು ಆಕೆಯೊಬ್ಬಳೇ.

ಆದ್ದರಿಂದ ಆಕೆಯನ್ನೇ ಕೇಳಿದೆ. ನಮ್ಮ ಶಿಫ್ಟಿನಲ್ಲಿ ರೆಡ್ಡಿ ಎಂಬ ಗೆಳೆಯನೊಬ್ಬನನ್ನು ಹುಟ್ಟಿಸಿದೆ. ಅವನು ಹೆಂಡತಿಗೆ ತಿಳಿಯದಂತೆ ಹುಟ್ಟುಹಬ್ಬ ಮಾಡಬೇಕೆಂದಿದ್ದಾನೆ, ಪಾಪ, ಏನೂ ತೋಚುತ್ತಿಲ್ಲ ಎಂದೆ.

"ಕೇಕಿನ ಅಂಗಡಿ ಕಡೆ ಹೋಗಬ್ಯಾಡ ಅನ್ರಿ ಅವಂಗ," ಎಂದಳು, ರೊಟ್ಟಿ ತಟ್ಟುತ್ತ. "ಶಿರಾ ಮಾಡಿ ತಾಟಿನ್ಯಾಗ ಹರವಿದ್ರ ಅದೇ ಕೇಕು. ಚುರುಮುರಿ ಸೂಸಲಾ, ಮಿರ್ಚಿ ಭಜಿ. ಮ್ಯಾಲ ಮಾಳಿಗಿ ಇರತೈತಲ್ಲ, ಹಳೇ ಸೀರಿ ಕಟ್ಟಿದ್ರ ಮಂಟಪಾತು."

"ಆಕಿನ್ನ ಹೊರಗ ಹೆಂಗ ಕಳಸೂದು?"

"ಗುಡಿಗೆ ಹೋಗಿ ಒಂದ ತಾಸು ಬಿಟ್ಟು ಬಾ ಅನ್ನೂದು. ಅದರಾಗೇನೈತಿ?" ಆಮೇಲೆ ನನ್ನತ್ತ ತಿರುಗಿ, "ರೆಡ್ಡಿ ಭಾಳ ಚಲೋ ಮನಷ್ಯಾ ಅದಾನ ಬಿಡ್ರಿ," ಎಂದಳು. ಇಲ್ಲದ ಆ ಮನುಷ್ಯನ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಆ ದಿನ ಬಂತು. ಪಕ್ಕದ ಮನೆಯ ಲಕ್ಷ್ಮಮ್ಮ ತಮ್ಮ ಅಡುಗೆಮನೆಯಲ್ಲಿ ಶಿರಾ ತಿರುವಿದರು. ನಾನು ಸುಶೀಲಾಳ ಮುಂದೆ ನಿಂತು, ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು, ಹೇಳಿದೆ: "ಗುಡಿಗೆ ಹೋಗಿ ಒಂದ ತಾಸು ಬಿಟ್ಟು ಬಾ."

ನಗಬೇಕೆನಿಸಿದರೆ ನಗಿ. ಆಕೆಯ ಮಾತನ್ನು ಆಕೆಗೇ, ಒಂದಕ್ಷರ ಬದಲಿಸದೆ. ಆಕೆ ಮಾತ್ರ ನಗಲಿಲ್ಲ. "ಹೂನ್ರಿ," ಎಂದು ಒಳಗೆ ಹೋಗಿ, ಮದುವೆಗಳಿಗಷ್ಟೇ ಉಡುವ ಗಿಳಿಹಸಿರು ಇಳಕಲ್ ಸೀರೆ ಉಟ್ಟು ಹೊರಟಳು.

ಮಾಳಿಗೆಯ ಮೇಲೆ ಸೀರೆ ಕಟ್ಟುವುದು ನನಗೆ ಬರಲಿಲ್ಲ. ಒಂದು ತುದಿ ಬಿಗಿದರೆ ಇನ್ನೊಂದು ಜಾರುತ್ತಿತ್ತು. ಸೂಸಲಾಕ್ಕೆ ಒಗ್ಗರಣೆಯೇ ಆಗಿರಲಿಲ್ಲ. ತಾಸು ಮುಗಿಯುತ್ತ ಬಂದಿತ್ತು. ಗಾಬರಿಯಲ್ಲಿ ಕೆಳಗೆ ಬಗ್ಗಿದಾಗ ಕಂಡಳು. ಗುಡಿ ಮುಗಿಸಿ ಬಂದವಳು, ತೆಂಗಿನ ಹೋಳನ್ನು ತೊಡೆಯ ಮೇಲಿಟ್ಟುಕೊಂಡು, ಈ ಬೆಂಚಿನ ಮೇಲೆ ಕೂತಿದ್ದಳು. ಬೀದಿಯ ಧೂಳೆಲ್ಲ ಸಂಜೆಯ ಬಿಸಿಲಿಗೆ ಅರಿಷಿಣ ಹಾರಿದಂತೆ ತೇಲುತ್ತಿತ್ತು. ಆಟೋಗಳು, ತಳ್ಳುಗಾಡಿಗಳು ಆ ಬೆಳಕಿನಲ್ಲಿ ಸದ್ದಿಲ್ಲದೆ ಹಾದುಹೋದಂತೆ ಈಗಲೂ ನೆನಪು. ನಡುನಡುವೆ ಆಕೆ ಮಾಳಿಗೆಯತ್ತ ಕತ್ತೆತ್ತುವಳು. ಸೀರೆ ಇನ್ನೂ ಜೋತಾಡುತ್ತಿದ್ದರೆ ಮತ್ತೆ ತಲೆ ತಗ್ಗಿಸುವಳು. ನನಗೆ ಹೊತ್ತು ಕೊಡುತ್ತಿದ್ದಳು.

ನಾನು ಗೋಡೆಯ ಹಿಂದೆ ಸರಿದುಕೊಂಡೆ.

ಮಂಟಪ ನಿಂತ ಮೇಲೆಯೇ ಮೆಟ್ಟಿಲ ಮೇಲೆ ಆಕೆಯ ಹೆಜ್ಜೆ ಕೇಳಿಸಿತು. "ಅಯ್ಯ ನಮ್ಮವ್ವ! ಏನ್ರೀ ಇದೆಲ್ಲಾ!" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. ಎಷ್ಟು ಚೆನ್ನಾಗಿ ಬೆಚ್ಚಿಬಿದ್ದಳೆಂದರೆ ನಾನೇ ಅರೆಗಳಿಗೆ ನಂಬಿದೆ. ಲಕ್ಷ್ಮಮ್ಮ "ಕೂರ್ಚೋ ಸುಶೀಲಾ, ಕೂರ್ಚೋ" ಎಂದು ತೆಲುಗಿನಲ್ಲಿ ಗದರಿ ಕೂಡಿಸಿದರು. "ಸೂಸಲಾಕ ಉಪ್ಪು ಕಮ್ಮಿ ಆಗೇತಿ," ಎಂದಳು, ಆದರೆ ಏಳಲಿಲ್ಲ. ಕೂತೇ ಉಂಡಳು.

"ರೆಡ್ಡಿ ಬರಲಿಲ್ಲೇನ್ರಿ?"

"ಅವಂದು ಶಿಫ್ಟ್ ಐತಿ."

ಆಮೇಲೂ ಎಷ್ಟೋ ವರ್ಷ ಕೇಳುತ್ತಿದ್ದಳು, "ರೆಡ್ಡಿ ಆರಾಮ ಅದಾರೇನ್ರಿ?" ಆರಾಮ ಅದಾನ ಎನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಕೊನೆಯ ವಾರವೂ ಒಮ್ಮೆ ಕೇಳಿದಳು. ನಾನು ಅದೇ ಉತ್ತರ ಕೊಟ್ಟೆ.

ಮೊನ್ನೆ ಬೆಂಚಿನ ಮೇಲೆ ಕೂತು ನಾನೂ ಕತ್ತೆತ್ತಿದೆ. ಮಾಳಿಗೆಯ ಅಂಚಿನಲ್ಲಿ ಮಗಳು ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಬಲೂನು ಕಟ್ಟುತ್ತಿದ್ದಳು. ಒಂದು ಕೈತಪ್ಪಿ ಗಾಳಿಗೆ ಹಾರಿತು. ಅವಳು ಅದು ಹೋದ ದಿಕ್ಕನ್ನೇ ತುಸು ಹೊತ್ತು ನೋಡಿ, ದುಪಟ್ಟಾದಿಂದ ಕಣ್ಣೊರೆಸಿಕೊಂಡು, ಇನ್ನೊಂದನ್ನು ಊದತೊಡಗಿದಳು. ತಾಯಿ ಹೋದ ಮೇಲೆ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅವಳತ್ತ ನೋಡಿಯೇ ಇರಲಿಲ್ಲವೋ ಏನೋ.

ತಾಸು ತುಂಬಿದ ಮೇಲೂ ಹತ್ತು ನಿಮಿಷ ಕೂತೆ. ಆಮೇಲೆ ಮೆಟ್ಟಿಲು ಹತ್ತಿದೆ.

"ನಿಮಗ ಮೊದಲ ಗೊತ್ತಿತ್ತೇನಪ್ಪಾ?" ಎಂದಳು, ನನ್ನ ಮುಖವನ್ನೇ ನೋಡುತ್ತ.

"ಇಲ್ಲವ್ವಾ," ಎಂದೆ. "ಖರೇನ ಗೊತ್ತಿರಲಿಲ್ಲ."