ಅಳತೆಗೆ ಕೊಟ್ಟ ಜಾಕೀಟು

ದಪ್ಪಗಿರುವ ಹೆಂಗಸಿಗೆ ಬುದ್ಧಿ ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವಳು ಹೇಳುತ್ತಾಳೆ. ಬಸ್ಸಿನಲ್ಲಿ ಪಕ್ಕದ ಸೀಟಿನವಳು ಕಿಟಕಿಗೆ ಒತ್ತಿಕೊಂಡು ಹೇಳುತ್ತಾಳೆ. ಸೀರೆ ಅಂಗಡಿಯ ಗಂಡಸಂತೂ ನಾನು ಬಾಯಿ ಬಿಡುವ ಮೊದಲೇ ಮೇಲಿಂದ ಕೆಳಗೆ ನೋಡಿ ಕಪ್ಪು, ಕಡುನೀಲಿ, ಕಂದು ಸೀರೆಗಳ ಅಟ್ಟಿಯನ್ನು ಇಳಿಸುತ್ತಾನೆ. ದೊಡ್ಡ ಹೂ ಬೇಡ, ಅಡ್ಡ ಪಟ್ಟೆ ಬೇಡ, ಅಗಲ ಅಂಚು ಬೇಡ, ಗಂಜಿ ಹಾಕಿದ ಹತ್ತಿ ಸೀರೆ ಬೇಡವೇ ಬೇಡ. ಇಷ್ಟು ಬೇಡಗಳನ್ನು ಕಳೆದರೆ ನನಗೆ ಉಳಿಯುತ್ತಿದ್ದದ್ದು ಸಾವಿನ ಮನೆಗೆ ಉಟ್ಟುಕೊಂಡು ಹೋಗುವಂಥ ಸೀರೆಗಳು.

ಇವರೆಲ್ಲರ ಮಾತನ್ನೂ ನಾನು ಕೇಳಿದವಳೇ. ಕೇಳಿ ಕೆಟ್ಟೆ ಅನ್ನಲಾರೆ. ಕೆಲವು ಸಲಹೆಗಳು ನಿಜಕ್ಕೂ ಚೆನ್ನಾಗಿ ಕೆಲಸ ಮಾಡಿದವು. ನನ್ನ ಗೋಳು ಶುರುವಾದದ್ದೇ ಅವು ಕೆಲಸ ಮಾಡಿದ್ದರಿಂದ.

ನಮ್ಮೂರು ನಲ್ಲಂಪಳ್ಳಿಯ ಪಕ್ಕ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಧರ್ಮಪುರಿಯಲ್ಲಿ ಸರ್ಟಿಫಿಕೇಟು, ಆಧಾರ್ ಅರ್ಜಿ ತುಂಬಿಕೊಡುವ ಒಂದು ಸೆಂಟರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಮದುವೆಗೆಂದು ನನ್ನನ್ನು ಮೂರು ಕಡೆಯವರು ನೋಡಿಕೊಂಡು ಹೋದರು. ಮೊದಲನೆಯವರು ಹೇಳಿ ಕಳಿಸುತ್ತೇವೆ ಎಂದು ಹೋದವರು ಹೇಳಿ ಕಳಿಸಲೇ ಇಲ್ಲ. ಎರಡನೆಯವರು ಜಾತಕ ಕೂಡಲಿಲ್ಲ ಎಂದರು. ಜಾತಕ ಮೊದಲೇ ನೋಡಿಸಿಯೇ ಬಂದಿದ್ದರು. ಮೂರನೆಯವರು ಕಾಫಿ ಕುಡಿದು ಲೋಟ ಕೆಳಗಿಟ್ಟು, ಚಿಕ್ಕವಳನ್ನು ಕೊಡುವುದಾದರೆ ಈಗಲೇ ಮಾತಾಡೋಣ ಎಂದರು. ನನ್ನ ತಂಗಿ ಆಗ ಕಾಲೇಜಿನಲ್ಲಿದ್ದಳು, ನನ್ನ ಅರ್ಧ ಇದ್ದಳು. ಅವತ್ತು ಅವ್ವ ಆ ಲೋಟಗಳನ್ನು ತೊಳೆಯುತ್ತ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಅತ್ತಳು. ನಾನು ಒಳಗಿನಿಂದ ನೋಡಿದೆ. ಹೊರಗೆ ಹೋಗಿ ಸಮಾಧಾನ ಮಾಡಲು ನನಗೆ ಮುಖ ಇರಲಿಲ್ಲ.

ನಾಲ್ಕನೆಯವರು ಮೇಟ್ಟೂರು ಕಡೆಯವರು, ನಮ್ಮಂತೆಯೇ ಕನ್ನಡದವರು. ಈ ಸಲ ಅವ್ವ ಧರ್ಮಪುರಿಯಿಂದ ಮದುಮಕ್ಕಳಿಗೆ ಸಿಂಗಾರ ಮಾಡುವ ಹೆಂಗಸನ್ನು ಕರೆಸಿದಳು. ಆಕೆಯೂ ನನ್ನಷ್ಟೇ ದಪ್ಪ. ಆದರೆ ಬಾಗಿಲಲ್ಲಿ ನಿಂತಾಗ ಅದು ಗೊತ್ತಾಗಲಿಲ್ಲ, ಚಾಪೆಯ ಮೇಲೆ ಕೂತಾಗ ಗೊತ್ತಾಯಿತು.

“ನೀನು ಸಣ್ಣ ಆಗಕ್ಕೆ ಮೂರ್ ತಿಂಗ್ಳು ಬೇಕು ಕಣಮ್ಮಿ. ಸಣ್ಣ ಕಾಣಕ್ಕೆ ಮುಕ್ಕಾಲ್ ಗಂಟೆ ಸಾಕು,” ಎಂದಳು.

ಮುಕ್ಕಾಲು ಗಂಟೆ ನನ್ನನ್ನು ಅತ್ತ ಇತ್ತ ತಿರುಗಿಸಿದಳು. ಲಾಡಿ ಕಟ್ಟುವ ಪೆಟಿಕೋಟನ್ನು ಬಿಸಾಕಿ, ಮೈಗೆ ಅಂಟಿಕೊಳ್ಳುವ ಬಿಗಿ ಲಂಗ ಏರಿಸಿದಳು. ಬಾಟಲ್ ಹಸಿರು ಬಣ್ಣದ ಮೆತ್ತನೆಯ ರೇಷ್ಮೆ, ಬೆರಳಗಲದ ಅಂಚು. ನೆರಿಗೆಗಳನ್ನು ಸಣ್ಣದಾಗಿ ಹಿಡಿದು ಕೈಯಿಂದಲೇ ಇಸ್ತ್ರಿ ಮಾಡಿದಂತೆ ಒತ್ತಿದಳು. ಸೆರಗನ್ನು ಭುಜದ ಮೇಲೆ ಕಿರಿದಾಗಿ ಪಿನ್ ಮಾಡಿ ಉದ್ದಕ್ಕೆ ಬಿಟ್ಟಳು. ತೋಳು ಮೊಣಕೈವರೆಗೆ, ಕತ್ತಿಗೆ ಅಂಟುವ ಸರ ಬೇಡ, ಎದೆಯವರೆಗೆ ಇಳಿಯುವ ಸರ ಸಾಕು. “ನೇರಕ್ಕೆ ನಿಲ್ಬೇಡ. ಒಂದ್ ಕಾಲು ಮುಂದಿಕ್ಕು, ಒಸಿ ಓರೆಯಾಗಿ ತಿರುಗು. ಕಾಫಿ ತಟ್ಟೇನ ಒಟ್ಟೆ ಮುಂದೆ ಇಡ್ಕೊ,” ಎಂದಳು. ಕನ್ನಡಿಯಲ್ಲಿ ನಾನು ನೋಡಿದವಳು ದಪ್ಪಗಿರಲಿಲ್ಲ. ತುಂಬಿಕೊಂಡು, ಎತ್ತರವಾಗಿ, ಲಕ್ಷಣವಾಗಿದ್ದಳು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಹುಡುಗನ ಅಮ್ಮ ನನ್ನನ್ನು ನೋಡಿ, “ಪೋಟೋಲಿ ಗುಂಡ್ಗಿದ್ಲು, ನೇರಲ್ಲಿ ಪರ್ವಾಗಿಲ್ಲ. ಮದ್ವೆ ಒತ್ಗೆ ಇನ್ನೊಂಚೂರು ಇಳಿಸ್ಕೊಂಡ್ರೆ ಸರಿ ಓಯ್ತದೆ,” ಎಂದರು. ಹುಡುಗ ನನ್ನನ್ನು ಕೇಳಿದ್ದು ಒಂದೇ ಮಾತು: ದಿನಾ ಕಂಪ್ಯೂಟರ್ ಮುಂದೆ ಕೂತು ಕಣ್ಣು ನೋಯುವುದಿಲ್ಲವೇ ಎಂದು. ಅದುವರೆಗೆ ಬಂದವರಲ್ಲಿ ನನ್ನ ಕಣ್ಣಿನ ಬಗ್ಗೆ ಕೇಳಿದವನು ಅವನೊಬ್ಬನೇ. ಅವನು ನನಗೆ ಬೇಕು ಅನಿಸಿತು. ಆ ಆಸೆ ಹುಟ್ಟಿದ ಗಳಿಗೆಯಿಂದಲೇ ಭಯವೂ ಹುಟ್ಟಿತು.

ನಮ್ಮಲ್ಲಿ ಮುಹೂರ್ತದ ಸೀರೆ ಗಂಡಿನ ಮನೆಯದು. ಅದರ ಜಾಕೀಟು, ಅಂದರೆ ರವಿಕೆ, ಅದನ್ನೂ ಅವರೇ ಹೊಲಿಸುತ್ತಾರೆ. ತಾಳಿ ಬೀಳುವಾಗ ಹೆಣ್ಣಿನ ಮೈಮೇಲೆ ಅವರ ಮನೆಯ ಬಟ್ಟೆಯೇ ಇರಬೇಕು. ಹೆಣ್ಣು ಅದನ್ನು ಮೊದಲೇ ಹಾಕಿ ನೋಡುವಂತಿಲ್ಲ. ಅದಕ್ಕಾಗಿ ಹೆಣ್ಣಿನ ಕಡೆಯವರು ಅವಳಿಗೆ ಸರಿಯಾಗಿ ಕೂರುವ ಒಂದು ಹಳೆಯ ಜಾಕೀಟನ್ನು ಅಳತೆಗೆಂದು ಕೊಟ್ಟು ಕಳಿಸಬೇಕು. ಅವ್ವ ನನ್ನದೊಂದು ಮೆರೂನ್ ಜಾಕೀಟನ್ನು ಒಗೆದು, ಮಡಚಿ, ಎಲೆಯಡಿಕೆ, ಅರಿಶಿನದ ಜೊತೆ ಹಳದಿ ಬಟ್ಟೆಚೀಲದಲ್ಲಿಟ್ಟಳು. ಅಪ್ಪ ಮರುದಿನ ಕೊಟ್ಟುಬರಬೇಕಿತ್ತು.

ನಾನು ಆ ಚೀಲವನ್ನು ನೋಡುತ್ತ ಕೂತೆ. ಹುಡುಗನ ಅಮ್ಮ ಅದನ್ನು ಬಿಚ್ಚುತ್ತಾರೆ. ಮನೆಯ ಹೆಂಗಸರ ಮುಂದೆ ಎರಡೂ ಕೈಯಲ್ಲಿ ಹಿಡಿದು ಅಗಲಿಸುತ್ತಾರೆ. ಮೆತ್ತನೆಯ ರೇಷ್ಮೆ ಇಲ್ಲ, ಬಿಗಿ ಲಂಗ ಇಲ್ಲ, ಕಾಫಿ ತಟ್ಟೆ ಇಲ್ಲ. ಬರೀ ನನ್ನ ಅಗಲ. ಜಾಕೀಟಿಗೆ ಓರೆಯಾಗಿ ನಿಲ್ಲಲು ಬರುವುದಿಲ್ಲ. ಅವ್ವ ಹಿತ್ತಲಿಗೆ ಹೋದಾಗ ಟ್ರಂಕಿನಿಂದ ಕಾಲೇಜಿನ ಮೊದಲ ವರ್ಷದಲ್ಲಿ ಹಾಕುತ್ತಿದ್ದ ಗುಲಾಬಿ ಜಾಕೀಟನ್ನು ತೆಗೆದೆ. ಮೆರೂನನ್ನು ಟ್ರಂಕಿನ ತಳಕ್ಕೆ ತುರುಕಿ, ಗುಲಾಬಿಯನ್ನು ಅದೇ ಮಡಿಕೆಯಲ್ಲಿ ಮಡಚಿ ಚೀಲದಲ್ಲಿಟ್ಟೆ. ಮದುವೆಗೆ ಮೂರು ತಿಂಗಳಿದೆ, ಅಷ್ಟರಲ್ಲಿ ಇದು ನನ್ನದೇ ಅಳತೆ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಬಾಯಿ ಒಣಗುತ್ತದೆ. ಬೆಳಿಗ್ಗೆ ಹುರುಳಿ ಬೇಯಿಸಿದ ನೀರು, ಮಧ್ಯಾಹ್ನ ಸೌತೆಕಾಯಿ, ಸಂಜೆ ಮತ್ತೆ ಹುರುಳಿ ನೀರು. ಬೆಳಕು ಹರಿಯುತ್ತಲೇ ಹೈವೇ ಪಕ್ಕದ ದಾರಿಯಲ್ಲಿ ತೊಪ್ಪೂರು ಕಡೆಗೆ ಮುಖ ಮಾಡಿ ನಡೆಯುತ್ತಿದ್ದೆ. ಲಾರಿಯವರು ಹಾರ್ನ್ ಹೊಡೆದು ನಗುತ್ತಿದ್ದರು. ಅದೇ ವರ್ಷದ ಇನ್ನೊಂದು ಜಾಕೀಟು, ನೀಲಿ ಬಣ್ಣದ್ದು, ನನ್ನ ಹತ್ತಿರ ಉಳಿದಿತ್ತು. ಭಾನುವಾರ ಬಾಗಿಲ ಚಿಲಕ ಹಾಕಿ ಅದನ್ನು ಹಾಕಿ ನೋಡುತ್ತಿದ್ದೆ. ಮೊದಲು ಕೊಕ್ಕೆಗೂ ಕುಣಿಕೆಗೂ ನಡುವೆ ಅಂಗೈ ಅಗಲ ಸಂದು. ಆಮೇಲೆ ನಾಲ್ಕು ಬೆರಳು. ಆಮೇಲೆ ಎಷ್ಟು ವಾರ ಕಳೆದರೂ ಆ ನಾಲ್ಕು ಬೆರಳು ಮೂರಾಗಲಿಲ್ಲ. ಕೆಲಸದಲ್ಲಿ ಒಂದು ದಿನ ತಲೆ ತಿರುಗಿ ಬಿದ್ದೆ. ಅವ್ವ ತಟ್ಟೆ ಹಿಡಿದು ಹಿಂದೆ ಹಿಂದೆ ಬಂದಳು.

“ಯಾಕಮ್ಮಿ ಇಂಗ್ ಸಾಯ್ತೀಯ? ಅವ್ರು ಒಪ್ಕೊಂಡಾಯ್ತಲ್ಲ. ಉಣ್ಣು.”

ಅಲ್ಲೇ ಹೇಳಬಹುದಿತ್ತು. ಇವತ್ತು ಬೇಡ, ನಾಳೆ ಎಂದುಕೊಂಡೆ. ನಾಳೆ ಆದ ಮೇಲೆ ಇನ್ನೂ ಕಷ್ಟವಾಯಿತು.

ಮದುವೆಗೆ ಹದಿನೈದು ದಿನವಿರುವಾಗ ಹುಡುಗನ ಅಕ್ಕ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದರು. ಮುಹೂರ್ತದ ಜಾಕೀಟಿಗೆ ಆರಿ ಕಸೂತಿ ಹಾಕುತ್ತಿದ್ದ ವಿಡಿಯೋ. ಹಿಂದಿನ ಗೋಡೆಯ ಮೇಲೆ ಟೈಲರ್ ಅಂಗಡಿಯ ಹೆಸರು, ಬೀದಿ ಕಾಣುತ್ತಿತ್ತು. ಸೇಲಂ. ಕೆಲಸಕ್ಕೆ ರಜೆ ಹೇಳಿ ಬಸ್ಸು ಹತ್ತಿದೆ. ತೊಪ್ಪೂರು ಘಾಟಿಯಲ್ಲಿ ಬಸ್ಸು ಇಳಿಯುವಷ್ಟು ಹೊತ್ತೂ ಟೈಲರಿಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ.

ಆತ ಜಾಕೀಟನ್ನು ಹ್ಯಾಂಗರಿಗೆ ಹಾಕಿದ್ದ. ಮುತ್ತು, ಜರಿ, ತೋಳಿನ ಮೇಲೆ ನವಿಲು. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಜಾಕೀಟು ನೋಡಿರಲಿಲ್ಲ. ಅಷ್ಟು ಚಿಕ್ಕದನ್ನೂ ನೋಡಿರಲಿಲ್ಲ.

“ಪೊಣ್ಣು ನಲ್ಲಾ ಒಲ್ಲಿಯಾ ಇರುಕ್ಕುಂ ಪೋಲ,” ಎಂದ. ಮದುವೆ ಹೆಣ್ಣು ಒಳ್ಳೆ ತೆಳ್ಳಗೆ ಇರಬೇಕು ಅಂತ. “ನೀಂಗ ಯಾರು?”

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. “ಅಕ್ಕಾ,” ಎಂದೆ.

“ಅದಾನೆ ಪಾತ್ತೇನ್,” ಎಂದ. ನಾನೂ ಹಾಗೇ ಅಂದುಕೊಂಡೆ ಎಂದು.

ನನ್ನ ತಂಗಿ ಈಚೆಗೆ ಒಸಿ ಮೈ ತುಂಬಿಕೊಂಡಿದ್ದಾಳೆ, ಬಿಚ್ಚಿ ದೊಡ್ಡದು ಮಾಡಿಕೊಡಿ ಎಂದು ಬೇಡಿದೆ. ಆತ ಒಳಮಗ್ಗುಲು ತಿರುಗಿಸಿ ತೋರಿಸಿದ. ಸೀರೆಯ ತುದಿಯಲ್ಲಿ ಬಂದ ಬಟ್ಟೆ ಅಷ್ಟೇ, ಕಸೂತಿ ಹೊಲಿಗೆಯ ಅಂಚಿನವರೆಗೂ ಹೋಗಿದೆ, ಪಕ್ಕದಲ್ಲಿ ಬಿಟ್ಟಿರುವುದು ಒಂದು ಇಂಚು. ಬೇಕಿದ್ದರೆ ಗಂಡಿನ ಮನೆಯವರಿಗೆ ಫೋನ್ ಮಾಡಿ ಕೇಳುತ್ತೇನೆ ಎಂದು ಮೊಬೈಲ್ ಎತ್ತಿಕೊಂಡ. ಬೇಡ ಬೇಡ ಎಂದು ನಾನು ಅವನ ಕೈಯನ್ನೇ ಹಿಡಿದುಬಿಟ್ಟೆ. ಆತ ಗಾಬರಿಯಾಗಿ ಕೈ ಬಿಡಿಸಿಕೊಂಡ. ಹೊರಡುವಾಗ ಪಾಪ, ನನಗೂ ಒಂದು ಸಲಹೆ ಕೊಟ್ಟ: ತಂಗಿಯ ಮದುವೆಗೆ ನಾನು ಕಡು ಬಣ್ಣದ್ದೇ ಉಡಬೇಕಂತೆ, ಪಫ್ ತೋಳು ಇಡಿಸಲೇಬಾರದಂತೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಮನೆಗೆ ಬಂದು ತಲೆನೋವು ಎಂದೆ.

ಮುಹೂರ್ತದ ಬೆಳಿಗ್ಗೆ ಹಿರಿಯರೆಲ್ಲ ಮುಟ್ಟಿ ಹರಸಿದ ತಟ್ಟೆಯನ್ನು ನನ್ನ ಕೈಗಿಟ್ಟು, ಉಟ್ಟು ಬಾ ಎಂದು ಒಳಗೆ ಕಳಿಸಿದರು. ಕೋಣೆಯಲ್ಲಿ ಅವ್ವ, ಹುಡುಗನ ಅಮ್ಮ, ಅವನ ಅಕ್ಕ. ತಟ್ಟೆಯಲ್ಲಿ ಸೀರೆ, ಅದರ ಮೇಲೆ ಟೈಲರ್ ಕೊಟ್ಟ ಪ್ಲಾಸ್ಟಿಕ್ ಕವರು. ಅವ್ವ ಜಾಕೀಟು ತೆಗೆದು ಸಂಭ್ರಮದಿಂದ ನನ್ನ ಕೈಗೆ ಏರಿಸಿದಳು. ತೋಳು ಮೊಣಕೈ ದಾಟಿ ಎರಡು ಬೆರಳು ಹೋಗಿ ನಿಂತಿತು. ಅವ್ವ ಎಳೆದಳು. ನವಿಲಿನ ಕಣ್ಣಿನ ಮಣಿ ಕಿತ್ತು ನೆಲದ ಮೇಲೆ ಉರುಳಿತು.

ಹೊರಗೆ ನಾದಸ್ವರ ನಡೆಯುತ್ತಿತ್ತು. ಟೈಮ್ ಆಗ್ತೈತೆ ಎಂದು ಯಾರೋ ಬಾಗಿಲು ಬಡಿದರು.

ಅವ್ವ ಜೋರು ಮಾತಾಡಿದವಳಲ್ಲ. ಅವತ್ತು ಎದ್ದು ನಿಂತಳು. “ಅಳತೆ ಜಾಕೀಟು ನನ್ ಕೈಯಾರೆ ಮಡಚಿ ಕೊಟ್ಟಿವ್ನಿ. ಸರಿಯಾಗೇ ಕೊಟ್ಟಿವ್ನಿ. ನಿಮ್ ಟೈಲರು ಕೆಡಿಸವ್ನೆ. ನನ್ ಮಗ್ಳು ದಪ್ಪ ಅಂತ ತಾನೆ ನೀವು ಬೇಕಂತ್ಲೇ…”

ಹುಡುಗನ ಅಮ್ಮ ಕವರಿನೊಳಗೆ ಕೈ ಹಾಕಿ, ಟೈಲರ್ ವಾಪಸು ಕಳಿಸಿದ್ದ ಅಳತೆ ಜಾಕೀಟನ್ನು ತೆಗೆದು ಎತ್ತಿ ಹಿಡಿದರು. “ಇದೇ ಅಲ್ವಾ ನೀವ್ ಕೊಟ್ಟಿದ್ದು?”

ಗುಲಾಬಿ ಜಾಕೀಟು. ಅವ್ವ ಅದನ್ನು ನೋಡಿದಳು. ಕಾಲೇಜಿಗೆ ಸೇರಿದಾಗ ಅದನ್ನು ಹೊಲಿಸಿಕೊಟ್ಟವಳು ಅವಳೇ. ಆಮೇಲೆ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಅವಳಿಗೆ ಅಷ್ಟು ಸಾಕಾಯಿತು.

“ತಪ್ಪಾಗೋಯ್ತು ಬೀಗಿತ್ತಿ,” ಎಂದಳು. ಧ್ವನಿ ಪೂರಾ ಇಳಿದಿತ್ತು. “ಇದು ಚಿಕ್ಕೋಳ್ದು. ನಂಗೆ ಕಣ್ಣು ಸರ್ಯಾಗಿ ಕಾಣಾಕಿಲ್ಲ. ನಾನೇ ಗ್ಯಾನ ಇಲ್ದೆ ಇಕ್ಕಿವ್ನಿ.”

“ಎಂಥ ತಾಯಮ್ಮಾ ನೀನು? ಎತ್ತ ಮಗ್ಳ ಅಳತೆ ಗೊತ್ತಿಲ್ವಾ? ಈಗ ನಿಂತ್ಕೊಂಡು ನಮ್ಮೇಲೇ ತಪ್ಪು ಒರಿಸ್ತೀಯಲ್ಲ!”

ಅವ್ವ ಎರಡೂ ಕೈ ಜೋಡಿಸಿದಳು. ತನ್ನ ಮಗಳಿಗಾಗಿ ಒಂದೇ ಒಂದು ಸಲ ಜೋರು ಮಾಡಿದವಳು, ಅದಕ್ಕೂ ಕ್ಷಮಿಸಿ ಎಂದಳು. ನನ್ನ ಬಾಯಲ್ಲಿ ಒಂದು ವಾಕ್ಯ ಇತ್ತು. ನಾನೇ ಬದಲಾಯಿಸಿದೆ ಎಂಬಷ್ಟೇ. ಹೇಳಿದರೆ ಮದುವೆ ನಿಲ್ಲುತ್ತದೆ ಅನಿಸಿತು. ಈಗ ಯೋಚಿಸಿದರೆ ನಿಲ್ಲುತ್ತಿರಲಿಲ್ಲವೇನೋ. ನಾನು ಹೇಳಲಿಲ್ಲ.

ಹುಡುಗನ ಅಕ್ಕ ಗಟ್ಟಿಗಿತ್ತಿ. ಬ್ಲೇಡು ತಂದು ತೋಳಿನ ಒಳಹೊಲಿಗೆಯನ್ನೂ ಬೆನ್ನಿನ ನಡುಭಾಗವನ್ನೂ ಮೇಲಿಂದ ಕೆಳಗೆ ಸೀಳಿದರು. ಸಂದಿಗೆ ಕೆಂಪು ರವಿಕೆಕಣ ಇಟ್ಟು ಸೇಫ್ಟಿ ಪಿನ್ನುಗಳಿಂದ ಹಿಡಿಸಿದರು. ಸೆರಗನ್ನು ಎರಡೂ ಭುಜಕ್ಕೆ ಹೊದ್ದಿಸಿ, ಮೇಲೆ ಹಾರ ಬಿದ್ದರೆ ಏನೂ ಕಾಣುವುದಿಲ್ಲ ಎಂದರು. ನಿಜ, ಕಾಣಲಿಲ್ಲ. ತಾಳಿ ಬಿತ್ತು. ನಾನು ಬಗ್ಗಿದಾಗೆಲ್ಲ ಪಿನ್ನು ಬೆನ್ನಿಗೆ ಚುಚ್ಚುತ್ತಿತ್ತು. ಅವ್ವ ಇಡೀ ಮುಹೂರ್ತ ನನ್ನ ಹಿಂದೆ ನಿಂತು ಸೆರಗು ಜಾರದಂತೆ ಹಿಡಿದಿದ್ದಳು. ಫೋಟೋಗಳಲ್ಲಿ ಅವಳ ಮುಖ ಇಲ್ಲ, ನನ್ನ ಭುಜದ ಮೇಲೆ ಕೈ ಮಾತ್ರ ಇದೆ. ಫೋಟೋ ನೋಡಿದವರೆಲ್ಲ ಸೀರೆ ಚೆನ್ನಾಗಿ ಕೂತಿದೆ, ಸಣ್ಣ ಕಾಣುತ್ತೀಯ ಎಂದರು.

ಗಂಡನ ಮನೆಗೆ ಹೊರಡುವ ಮೊದಲು ಅವ್ವನನ್ನು ಕೈಹಿಡಿದು ಪಕ್ಕಕ್ಕೆ ಎಳೆದೆ. ಅವಳು ನನಗೆ ಬಾಯಿ ತೆರೆಯಲು ಬಿಡಲಿಲ್ಲ. “ನಾನ್ ಅಂದಿದ್ದೇ ಇರ್ಲಿ. ನೀನು ಅಲ್ಲಿ ಬಾಳ್ಬೇಕು,” ಎಂದಳು.

ನನ್ನ ಅತ್ತೆ ಕೆಟ್ಟವರಲ್ಲ. ನನ್ನ ತಟ್ಟೆಗೆ ಎಂದೂ ಕಡಿಮೆ ಬಡಿಸಿದವರಲ್ಲ. ಗಂಡನೂ ನನ್ನ ಅಗಲದ ಬಗ್ಗೆ ಒಂದು ಮಾತೂ ಆಡಿಲ್ಲ. ನಾನು ಅಷ್ಟು ಹೆದರಿದ್ದಕ್ಕೆ ಕಾರಣವೇ ಇರಲಿಲ್ಲ ಎಂದು ತಿಳಿಯಲು ಆ ಮನೆಯಲ್ಲಿ ಆರು ತಿಂಗಳು ಸಾಕಾಯಿತು. ಆದರೆ ಅಷ್ಟರಲ್ಲಿ ಅವ್ವನ ಕಥೆ ಅವರ ನೆಂಟರ ಬಾಯಲ್ಲೆಲ್ಲ ಹರಡಿತ್ತು: ಹೆತ್ತ ಮಗಳ ಅಳತೆ ತಿಳಿಯದ ಬೀಗಿತ್ತಿ.

ಮರುವರ್ಷ ನನಗೆ ಬಳೆ ತೊಡಿಸುವ ಶಾಸ್ತ್ರಕ್ಕೆ ಅವ್ವ ತವರಿನಿಂದ ಬುಟ್ಟಿ ಹೊತ್ತುಕೊಂಡು ಬಂದಳು. ಏಳು ತಿಂಗಳ ಬಸುರಿ ನಾನು ಹಸೆಯ ಮೇಲೆ ಕೂತಿದ್ದೆ. ಅವ್ವ ನನ್ನ ಕೈ ಹಿಡಿದು ಗಾಜಿನ ಬಳೆ ಏರಿಸುತ್ತಿದ್ದಳು. ಒಂದು ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಅತ್ತೆ ಪಕ್ಕದಿಂದ, “ಬಳೆ ಅಳತೇನೂ ಅವ್ರಮ್ಮನ್ನೇ ಕೇಳ್ಬುಟ್ರಾ?” ಎಂದರು. ಕೂತ ಹೆಂಗಸರೆಲ್ಲ ಗೊಳ್ಳೆಂದರು. ಅವ್ವನೂ ನಕ್ಕಳು. ನಗುತ್ತಲೇ ನನ್ನ ಮುಖ ನೋಡಿದಳು.

ನಾನೂ ನಕ್ಕೆ.